ಅಲರ್ ನಿಘಂಟಿನಲ್ಲಿ ‘ಪಿತೂರಿ’ ಹುಡುಕಿದ ಮೇಲೆ

ಪುಣೆಯಲ್ಲಿ ಬೆಳೆದ ನನ್ನ ಅಕ್ಕನ ಮಗಳು ಈಚೆಗೆ ಹಟ ಹಿಡಿದು ಕನ್ನಡ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅವಳಿಂದ ಒಂದು ಮೆಸೇಜ್ ಬಂತು. “ಚಿಕ್ಕಿ, ಅಮ್ಮನಿಗೆ ಹೇಳ್ಬೇಡಿ, ಅವಳ ಹುಟ್ಟುಹಬ್ಬಕ್ಕೆ ಇಳಕಲ್ ಸೀರೆ ತರಿಸೋಕೆ ನಾನೂ ಅಪ್ಪನೂ ಪಿತೂರಿ ಮಾಡಿದೀವಿ.” ಓದಿ ನಗು ಬಂತು. ಆದರೆ ಪೂರ್ತಿ ತಪ್ಪು ಅನ್ನೋಕೂ ಆಗಲಿಲ್ಲ. ಗುಟ್ಟಾಗಿ ಸೇರಿಕೊಂಡು ಏನೋ ಮಾಡುವುದು ಅನ್ನುವಷ್ಟು ಸರಿಯಾಗೇ ಇದೆ, ಆದರೆ ಪಿತೂರಿ ಅಂದಮೇಲೆ ಯಾರಿಗಾದರೂ ಕೇಡು ಕಾದಿರಬೇಕು, ಅಲ್ವಾ?

ಅವಳು ಪದ ಹುಡುಕುವುದು ಅಲರ್‌ನಲ್ಲಿ. ನಾನೇ ತೋರಿಸಿಕೊಟ್ಟಿದ್ದು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. ಸಾಫ್ಟ್‌ವೇರ್ ತಂತ್ರಜ್ಞ ಕೈಲಾಶ್ ನಾದ್ 2019ರಲ್ಲಿ ಅದನ್ನು ಆನ್‌ಲೈನ್‌ಗೆ ತಂದರು. 1.5 ಲಕ್ಷದಷ್ಟು ಪದಗಳು, ಅದಕ್ಕಿಂತ ಜಾಸ್ತಿ ಅರ್ಥಗಳು. ಒಂದು ಪೈಸೆ ಕೊಡಬೇಕಿಲ್ಲ, ಪದಕೋಶವನ್ನೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಉಚ್ಚಾರಣೆ ಹಿಡಿದು ಹುಡುಕಿಕೊಡುತ್ತದೆ. ಅವಳಂಥವರಿಗೆ ಇದು ದೊಡ್ಡ ಉಪಕಾರ, ನಾನಂತೂ ದಿನಕ್ಕೆ ಹತ್ತು ಸಲ ತೆರೆಯುತ್ತೇನೆ.

ಆದರೆ ಸಂಚು, ಒಳಸಂಚು, ಪಿತೂರಿ, ಮಸಲತ್ತು, ಹುನ್ನಾರ, ಕಾರಸ್ಥಾನ ಇವುಗಳಿಗೆಲ್ಲ ಇಂಗ್ಲಿಷಿನಲ್ಲಿ ಅರ್ಥ ಬರೆದರೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಜಾಗ ಇದೆ. ಸಂಚು ಹೂಡುತ್ತಾರೆ. ಪಿತೂರಿ, ಮಸಲತ್ತು ನಡೆಸುತ್ತಾರೆ. ಮಸಲತ್ತು ಹೂಡಿದರು ಅಂತ ಬರೆದರೆ ಕಿವಿಗೆ ಒಗ್ಗುವುದಿಲ್ಲ. ಹುನ್ನಾರ ಜಾಸ್ತಿ ಕೇಳುವುದು ರಾಜಕಾರಣಿಗಳ ಬಾಯಲ್ಲಿ, ‘ಸರ್ಕಾರ ಬೀಳಿಸುವ ಹುನ್ನಾರ’ ಅಂತ. ಒಳಸಂಚು ಪೊಲೀಸ್ ಸ್ಟೇಷನ್, ಕೋರ್ಟು ಸೇರಿಬಿಟ್ಟಿದೆ, ಅದಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) 120ಬಿ ಅನ್ನುತ್ತಿದ್ದ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 61 ಆಗಿದೆ. ಮನೆಯೊಳಗೆ ಸಲುಗೆಯಿಂದ ಹೇಳಬಹುದಾದದ್ದು ಮಸಲತ್ತು ಒಂದೇ ಅಂತ ನನಗನ್ನಿಸುತ್ತದೆ. ಅಡುಗೆಮನೆಯಲ್ಲಿ ಮಕ್ಕಳಿಬ್ಬರು ಪಿಸುಗುಟ್ಟುತ್ತಿದ್ದರೆ “ಏನ್ರೋ ಅದು ಮಸಲತ್ತು?” ಅಂತ ಅಮ್ಮ ಕೇಳುತ್ತಿದ್ದಳು. ಹಾಗೆ ಕೇಳುವಾಗ ಸಿಟ್ಟೇ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಮಸಲತ್ತಿನ ಮೂಲ ಅರಬ್ಬಿ ಪದಕ್ಕೆ ಹಿತ, ಒಳಿತು ಅಂತ ಅರ್ಥ. ಹುನ್ನಾರದ ಹಿಂದೆ ಕೌಶಲ ಅನ್ನುವ ಪಾರಸಿಯ ‘ಹುನರ್’ ಇದೆ. ನಾವು ತಂತ್ರ, ಉಪಾಯ ಅನ್ನುವ ಅರ್ಥದಲ್ಲಿ ಬಳಸುವ ಹಿಕ್ಮತ್ತು ಅಂದರೆ ಮೂಲದಲ್ಲಿ ವಿವೇಕ. ಮೂರೂ ಒಳ್ಳೇ ಪದಗಳೇ, ನಮ್ಮಲ್ಲಿಗೆ ಬಂದು ನೆರಳಿಗೆ ಸರಿದಿವೆ! ಮರಾಠಿಯಲ್ಲಿ ಮಸಲತ್ ಅಂದರೆ ಈಗಲೂ ಸಮಾಲೋಚನೆ. ಸಾಕ್ಷಿ ಉಲ್ಟಾ ಹೊಡೆದರೆ ‘ಫಿತೂರ್’ ಆದ ಅನ್ನುತ್ತಾರೆ. ಪಿತೂರಿ ಅದರದೇ ಬಳಗ ಅಂದ ತಕ್ಷಣ ಹುಡುಗಿಗೆ ಅರ್ಥವಾಯಿತು. “ಅಯ್ಯೋ, ನಾನು ಅಮ್ಮನಿಗೆ ದ್ರೋಹ ಮಾಡ್ತಿದೀನಿ ಅಂತ ಬರೆದೆನಾ!” ಅಂದಳು.

ಹಾಗಾಗಿ ಕಲಿಯುವವರಿಗೆ ನನ್ನ ಸಲಹೆ ಇಷ್ಟು. ಅರ್ಥಕ್ಕೆ ಅಲರ್ ಕಣ್ಣುಮುಚ್ಚಿ ಬಳಸಿ. ಪದದ ಜೊತೆ ಯಾವ ಕ್ರಿಯಾಪದ ಬರುತ್ತದೆ ಅಂತ ತಿಳಿಯಲು ಪಕ್ಕದಲ್ಲೇ ಒಂದು ಕನ್ನಡ ಪೇಪರ್ ಇಟ್ಟುಕೊಳ್ಳಿ. ಪುರುಸೊತ್ತಿದ್ದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವನ್ನೂ ತೆರೆಯಿರಿ, ಅದರಲ್ಲಿ ಎಷ್ಟೋ ಪದಗಳ ಜೊತೆ ಗಾದೆಗಳೂ ಸಿಗುತ್ತವೆ. ಸುಮ್ನೆ ಪುಟ ತಿರುಗಿಸುತ್ತಾ ಕೂತರೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಮೊನ್ನೆ ಮತ್ತೆ ಮೆಸೇಜ್ ಬಂತು. “ಚಿಕ್ಕಿ, ಮಸಲತ್ತು ಚೆನ್ನಾಗಿ ನಡೀತಿದೆ. ಸೀರೆ ಬಂತು. ನ್ಯೂಸಲ್ಲಿ ‘ಸ್ಕೆಚ್ ಹಾಕಿದ’ ಅಂತಾರಲ್ಲ, ಅದೇನು?” ಅದಕ್ಕೆ ಫೋನೇ ಮಾಡಬೇಕಾಯಿತು.