ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್: ಅರ್ಜಿ ಹಾಕಿ, ಓದಿ ಬಂದವಳ ವಿಮರ್ಶೆ (ಐದಕ್ಕೆ ನಾಲ್ಕು)

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಅಷ್ಟೊಂದು ದುಡ್ಡಿಲ್ಲ, ಆದರೆ ಹೊರದೇಶದಲ್ಲಿ ಮಾಸ್ಟರ್ಸ್ ಓದಬೇಕು ಅನ್ನುವ ಆಸೆ ಇದೆ ಅನ್ನುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಎರಾಸ್ಮಸ್ ಮುಂಡಸ್‌ಗಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಅರ್ಜಿ ಹಾಕಿ, ಸಿಕ್ಕಿ, ಓದಿ ಮುಗಿಸಿದ ಮೇಲೆ ಬರೆಯುತ್ತಿದ್ದೇನೆ. ಆದರೂ ಐದಕ್ಕೆ ಐದು ಕೊಡಲಾರೆ. ಒಂದು ಅಂಕ ಯಾಕೆ ಕಳೆದೆ ಅನ್ನುವುದನ್ನು ಕೊನೆಯಲ್ಲಿ ಬರೆದಿದ್ದೇನೆ, ದಯವಿಟ್ಟು ಅದನ್ನು ಓದದೆ ಅರ್ಜಿ ಹಾಕಬೇಡಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಇದು ಯುರೋಪಿಯನ್ ಯೂನಿಯನ್ 2004ರಿಂದ ದುಡ್ಡು ಕೊಟ್ಟು ನಡೆಸುತ್ತಿರುವ ಯೋಜನೆ. ಬೇರೆ ಬೇರೆ ದೇಶಗಳ ಯೂನಿವರ್ಸಿಟಿಗಳು ಸೇರಿ ಒಂದು ಕೋರ್ಸ್ ನಡೆಸುತ್ತವೆ. ಒಂದು ಸೆಮಿಸ್ಟರ್ ಒಂದು ದೇಶದಲ್ಲಿ, ಮುಂದಿನದು ಇನ್ನೊಂದರಲ್ಲಿ. ಸ್ಕಾಲರ್‌ಶಿಪ್ ಸಿಕ್ಕರೆ ಫೀಸು ಕಟ್ಟಬೇಕಾಗಿಲ್ಲ, ಇನ್ಶೂರೆನ್ಸ್ ಅವರದ್ದೇ, ತಿಂಗಳಿಗೆ 1,400 ಯೂರೋ ನಿಮ್ಮ ಖಾತೆಗೆ. ಎರಡು ವರ್ಷದ ಕೋರ್ಸ್ ಆದರೆ 24 ತಿಂಗಳವರೆಗೆ ಕೊಡುತ್ತಾರೆ, ಒಟ್ಟು 33,600 ಯೂರೋ ಆಯಿತು. ನಾನು ಹಾಕಿದ ಯಾವ ಕೋರ್ಸಿಗೂ ಅರ್ಜಿ ಶುಲ್ಕ ಇರಲಿಲ್ಲ. ವಯಸ್ಸಿನ ಮಿತಿ ಇಲ್ಲ, ಅಪ್ಪನ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಓದು ಮುಗಿದ ಮೇಲೆ ವಾಪಸ್ ಬರಲೇಬೇಕು ಅನ್ನುವ ಬಾಂಡೂ ಇಲ್ಲ. ಡಿಗ್ರಿಯ ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು, ಕೋರ್ಸ್ ಶುರುವಾಗುವ ಹೊತ್ತಿಗೆ ಡಿಗ್ರಿ ಕೈಯಲ್ಲಿದ್ದರೆ ಸಾಕು.

ಬೇರೆಯವುಗಳ ಜೊತೆ ಹೋಲಿಸಿ ನೋಡಿ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದಿ ಮುಗಿಸಿ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು. ಜರ್ಮನಿಯ ಡಿಎಎಡಿ ಅನ್ನುವ ಸಂಸ್ಥೆಯಲ್ಲಿ ಅಭಿವೃದ್ಧಿ ಸಂಬಂಧದ ಕೋರ್ಸುಗಳಿಗೆ ಅಂತ ಕೊಡುವ ಸ್ಕಾಲರ್‌ಶಿಪ್‌ಗೂ ಎರಡು ವರ್ಷದ ಅನುಭವ ಬೇಕು. ನಮ್ಮ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಮುಖ್ಯವಾಗಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ದಾಟಬಾರದು, ಇಡೀ ದೇಶಕ್ಕೆ ಇರುವುದು 125 ಜಾಗ. ಅರ್ಹತೆ ಇರುವವರು ಇವಕ್ಕೂ ಖಂಡಿತ ಹಾಕಿ, ಒಂದನ್ನೇ ನಂಬಿಕೊಂಡು ಕೂರಬೇಡಿ. ಆದರೆ ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಈಗಷ್ಟೇ ಡಿಗ್ರಿ ಮುಗಿಸುತ್ತಿರುವ, ಕೆಲಸದ ಅನುಭವ ಇಲ್ಲದ ಹುಡುಗಿಗೆ ಪೂರ್ತಿ ಖರ್ಚು ಕೊಟ್ಟು ಕರೆಯುವವರು ಕಡಿಮೆ. ಅದಕ್ಕೇ ಇದರ ಮೇಲೆ ನನಗೆ ಇಷ್ಟು ಅಭಿಮಾನ.

ಈಗ ಅರ್ಜಿಯ ವಿಷಯ. ಎರಾಸ್ಮಸ್ ಮುಂಡಸ್‌ಗೆ ಅಂತ ಒಂದು ಅರ್ಜಿ, ಒಂದು ಕಚೇರಿ, ಒಂದು ಕೊನೆಯ ದಿನಾಂಕ ಇಲ್ಲ. ಪ್ರತಿ ಕೋರ್ಸಿಗೂ ಅದರದ್ದೇ ವೆಬ್‌ಸೈಟು, ಅದರದ್ದೇ ನಿಯಮ. ಯುರೋಪಿಯನ್ ಯೂನಿಯನ್‌ನವರು ಕೋರ್ಸುಗಳ ಪೂರ್ತಿ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಅಲ್ಲಿಂದ ಶುರು ಮಾಡಿ. ಹೆಚ್ಚಿನ ಕೋರ್ಸುಗಳು ಅಕ್ಟೋಬರ್‌ನಿಂದ ಜನವರಿವರೆಗೆ ಅರ್ಜಿ ತೆಗೆದುಕೊಳ್ಳುತ್ತವೆ. ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತದೆ. ಸುಮ್ನೆ ಇಂಜಿನಿಯರಿಂಗ್ ಅಷ್ಟೇ ಇರುತ್ತೆ ಅಂದುಕೊಂಡು ಎಷ್ಟೋ ಜನ ನೋಡುವುದೇ ಇಲ್ಲ. ಕೊರಿಯೋಮುಂಡಸ್ ಅಂತ ಒಂದಿದೆ, ನೃತ್ಯ ಪರಂಪರೆಗಳ ಅಧ್ಯಯನಕ್ಕೇ ಮೀಸಲು. ಯಕ್ಷಗಾನದಲ್ಲಿ ಹೆಜ್ಜೆ ಹಾಕುತ್ತಾ ಡಿಗ್ರಿ ಓದಿದ ಕರಾವಳಿಯ ಹುಡುಗ ಹುಡುಗಿಯರು ಇದನ್ನು ಒಮ್ಮೆಯಾದರೂ ನೋಡಬೇಕು. ಫಿಪ್‌ಡೆಸ್ ಅನ್ನುವುದು ಆಹಾರ ತಂತ್ರಜ್ಞಾನದ್ದು. ಗೆಮ್ಮಾ ಮಹಿಳಾ ಅಧ್ಯಯನದ್ದು. ಪತ್ರಿಕೋದ್ಯಮಕ್ಕೆ ಡೆನ್ಮಾರ್ಕಿನ ಆರ್ಹುಸ್‌ನಿಂದ ಶುರುವಾಗುವ ಕೋರ್ಸ್ ಇದೆ. ನನ್ನದು ನೀರಿನ ಕಡೆಯ ವಿಷಯ, ಹಾಗಾಗಿ ಲಿಸ್ಬನ್, ಡೆಲ್ಫ್ಟ್, ಡ್ರೆಸ್ಡೆನ್ ಮೂರು ಊರುಗಳಲ್ಲಿ ನಡೆಯುವ ಗ್ರೌಂಡ್‌ವಾಚ್ ಥರದ ಕೋರ್ಸುಗಳನ್ನೇ ಹುಡುಕಿದ್ದೆ. ಚಿತ್ರದುರ್ಗದ ಕಡೆ ಬೋರ್‌ವೆಲ್ ಬತ್ತುವುದನ್ನು ನೋಡುತ್ತಾ ಬೆಳೆದವರಿಗೆ ಅಂತರ್ಜಲವೇ ಒಂದು ಮಾಸ್ಟರ್ಸ್ ವಿಷಯ ಅಂತ ಗೊತ್ತಾದಾಗ ಆಗುವ ಖುಷಿಯೇ ಬೇರೆ.

ಇಲ್ಲಿ ಒಂದು ನಿಯಮ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಒಂದು ಕೋರ್ಸಿನ ಒಟ್ಟು ಸ್ಕಾಲರ್‌ಶಿಪ್‌ಗಳಲ್ಲಿ ಒಂದೇ ದೇಶದವರಿಗೆ 10 ಶೇಕಡಾಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಕೋರ್ಸಿನ ಹಲವು ವರ್ಷದ ಅವಧಿಗೆ ಸೇರಿ 60 ಸ್ಕಾಲರ್‌ಶಿಪ್ ಇದ್ದರೆ ಭಾರತದವರಿಗೆ ಆರು, ಅಷ್ಟೇ. ಹಾಗಾಗಿ ನಿಮ್ಮ ಪೈಪೋಟಿ ಇಡೀ ಪ್ರಪಂಚದ ಜೊತೆಗಿಂತ ಜಾಸ್ತಿ ಪುಣೆ, ಚೆನ್ನೈ, ದೆಹಲಿಯವರ ಜೊತೆ. ಡೇಟಾ ಸೈನ್ಸ್, ಎಐ ಕೋರ್ಸುಗಳಿಗೆ ನಮ್ಮವರು ಮುಗಿಬಿದ್ದು ಹಾಕುತ್ತಾರೆ, ಅಲ್ಲಿ ನಿಜವಾಗಿಯೂ ಕಷ್ಟ. ಮೊದಲು ಒಬ್ಬರು ವರ್ಷಕ್ಕೆ ಮೂರು ಕೋರ್ಸಿಗೆ ಮಾತ್ರ ಹಾಕಬಹುದಿತ್ತು, ಈಗ ಆ ಮಿತಿ ತೆಗೆದಿದ್ದಾರೆ. ಹಾಗಂತ ಸಿಕ್ಕಿದ್ದಕ್ಕೆಲ್ಲ ಹಾಕಬೇಡಿ. ಪ್ರತಿ ಕೋರ್ಸಿನ ಸೈಟಿನಲ್ಲಿ ಆಯ್ಕೆ ಮಾನದಂಡ ಅಂತ ಒಂದು ಪುಟ ಇರುತ್ತದೆ. ಅಂಕಗಳಿಗೆ ಎಷ್ಟು, ಅನುಭವಕ್ಕೆ ಎಷ್ಟು, ಮೋಟಿವೇಶನ್ ಲೆಟರ್‌ಗೆ (ಈ ಕೋರ್ಸ್ ಯಾಕೆ ಬೇಕು ಅಂತ ನೀವು ಬರೆಯುವ ಪತ್ರ) ಎಷ್ಟು, ಶಿಫಾರಸು ಪತ್ರಕ್ಕೆ ಎಷ್ಟು ಅಂತ ಬಹಳಷ್ಟು ಕಡೆ ಬಿಡಿಸಿ ಬರೆದಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು, ನಿಮಗೆ ನೀವೇ ಅಂಕ ಹಾಕಿಕೊಳ್ಳಿ. ಹಿಂದೆ ಯಾವ ಓದಿನವರನ್ನು ತೆಗೆದುಕೊಂಡಿದ್ದಾರೆ ಅಂತ ಹಳೆಯ ವಿದ್ಯಾರ್ಥಿಗಳ ಪುಟ ನೋಡಿ. ನಿಮ್ಮ ಓದಿಗೆ ಚೆನ್ನಾಗಿ ಹೊಂದುವ ಮೂರು ನಾಲ್ಕು ಕೋರ್ಸು ಸಾಕು. ನನ್ನ ಪ್ರಕಾರ ಈ ಸ್ಕಾಲರ್‌ಶಿಪ್ ಸಿಗುವುದು ಬಿಡುವುದು ಅರ್ಧಕ್ಕರ್ಧ ಇಲ್ಲೇ ತೀರ್ಮಾನ ಆಗುತ್ತದೆ, ಇಂಗ್ಲಿಷ್ ಎಷ್ಟು ಚಂದ ಬರೆಯುತ್ತೀರಿ ಅನ್ನುವುದರಲ್ಲಿ ಅಲ್ಲ.

ಮೋಟಿವೇಶನ್ ಲೆಟರ್ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಈಗ ಊರ ಕಡೆಯ ಒಂದಷ್ಟು ಜನ ತಮ್ಮ ಪತ್ರ ಕಳಿಸಿ ನೋಡಿ ಅಕ್ಕಾ ಅನ್ನುತ್ತಾರೆ. ಕೋಲಾರದ ಹುಡುಗಿಯೊಬ್ಬಳು ಕಳಿಸಿದ್ದ ಪತ್ರ ಶುರುವಾಗುತ್ತಿದ್ದದ್ದು ಹೀಗೆ: ನೀರು ಜೀವಜಲ, ಚಿಕ್ಕಂದಿನಿಂದಲೂ ನನಗೆ ಪರಿಸರದ ಬಗ್ಗೆ ಅಪಾರ ಆಸಕ್ತಿ. ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಫೋನ್ ಮಾಡಿ ಸುಮಾರು ಹೊತ್ತು ಮಾತಾಡಿದೆ. ನಿಮ್ಮೂರ ಕೆರೆ ಹೇಗಿದೆ ಅಂದೆ. ಆಗ ಮಾತು ಹೊರಗೆ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆಯಲ್ಲ, 2018ರಲ್ಲಿ ನೀರು ಬಂತು. ಇವರೂರ ಕೆರೆಗೂ ಆ ನೀರು ಬಂದು, ಬತ್ತಿದ್ದ ಅವರ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು. ಅಪ್ಪ ಖುಷಿಯಾಗಿ ಮತ್ತೆ ಟೊಮೆಟೊ ಹಾಕಿದರು. ಆದರೆ ಆ ನೀರು ಕುಡಿಯಬಹುದಾ ಅನ್ನುವ ಪ್ರಶ್ನೆಗೆ ಊರಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಇವಳು ಡಿಗ್ರಿ ಪ್ರಾಜೆಕ್ಟಿಗೆ ಅಂತ ಊರಿನ ಬೋರ್‌ವೆಲ್‌ಗಳ ನೀರು ಬಾಟಲಿಯಲ್ಲಿ ತುಂಬಿ, ಕಾಲೇಜಿನ ಲ್ಯಾಬಿನಲ್ಲಿ ನೈಟ್ರೇಟ್ ಪರೀಕ್ಷೆ ಮಾಡಿದ್ದಳು. ಅದು ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ! ಅದು ಪ್ರಾಜೆಕ್ಟ್ ಅಲ್ವಾ ಅಕ್ಕಾ, ಅದನ್ನೆಲ್ಲ ಬರೀತಾರಾ ಅಂದಳು. ಬರೀತಾರೆ. ಅದನ್ನೇ ಬರೆಯಬೇಕು. ಹೊಸ ಪತ್ರ ಆ ಬಾಟಲಿಗಳಿಂದಲೇ ಶುರುವಾಯಿತು. ಅಲ್ಲಿ ತನಗೆ ಯಾವುದು ಅಳೆಯಲು ಬರಲಿಲ್ಲ, ಅದನ್ನು ಕಲಿಸುವ ಪಾಠ ಈ ಕೋರ್ಸಿನ ಯಾವ ಸೆಮಿಸ್ಟರಿನಲ್ಲಿದೆ, ಕಲಿತ ಮೇಲೆ ಯಾವ ಕೆಲಸಕ್ಕೆ ಹೋಗುತ್ತೇನೆ ಅಂತ ಮುಂದುವರಿಯಿತು. ಒಂದೂವರೆ ಪುಟ, ಒಂದೇ ಒಂದು ದೊಡ್ಡ ಮಾತಿಲ್ಲ. ನಮ್ಮ ಮಕ್ಕಳಿಗೆ ಅನುಭವ ಇಲ್ಲದೆ ಇಲ್ಲ, ತಮ್ಮ ಅನುಭವ ಲೆಕ್ಕಕ್ಕೆ ಬರುತ್ತೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಇದು ತುಂಬಾ ಬೇಜಾರಾಗುವ ವಿಷಯ.

ಕಾಗದ ಪತ್ರಗಳಿಗೆ ಬರೋಣ. ಪಾಸ್‌ಪೋರ್ಟ್, ಎಲ್ಲ ಸೆಮಿಸ್ಟರಿನ ಟ್ರಾನ್ಸ್‌ಕ್ರಿಪ್ಟ್ (ಯೂನಿವರ್ಸಿಟಿ ಕೊಡುವ ಅಧಿಕೃತ ಅಂಕಪಟ್ಟಿ), ಇಂಗ್ಲಿಷ್ ಪರೀಕ್ಷೆಯ ಅಂಕ, ಎರಡು ಶಿಫಾರಸು ಪತ್ರ, ಸಿವಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಫೀಸು ಕಡಿಮೆಯೇನಲ್ಲ, ಅದರ ಅಂಕ ಎರಡು ವರ್ಷ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಕಾಲೇಜಿನ ಪತ್ರ ಸಾಕು ಅನ್ನುವ ಕೋರ್ಸುಗಳೂ ಇವೆ, ಮೊದಲು ಅದನ್ನು ನೋಡಿಕೊಂಡು ಆಮೇಲೆ ದುಡ್ಡು ಕಟ್ಟಿ. ಟ್ರಾನ್ಸ್‌ಕ್ರಿಪ್ಟ್‌ಗೆ ಆಗಸ್ಟ್‌ನಲ್ಲೇ ಅರ್ಜಿ ಕೊಡಿ. ನಾನು ಓದಿದ ಯೂನಿವರ್ಸಿಟಿಯಲ್ಲಿ ಒಂದು ಸಹಿಗಾಗಿ ಕೌಂಟರಿಂದ ಕೌಂಟರಿಗೆ ಅಲೆದಾಡಿಸಿದರು. ಊಟದ ಟೈಮು, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಮ್ಮ. ಬಸ್ಸು ಹಿಡಿದು ನೂರಾರು ಕಿಲೋಮೀಟರ್ ದೂರದಿಂದ ಬರುವ ಮಕ್ಕಳಿಗೆ ನಾಳೆ ಬಾ ಅನ್ನುವುದು ಎಷ್ಟು ದೊಡ್ಡ ಮಾತು ಅನ್ನುವುದು ಅಲ್ಲಿ ಕೂತವರಿಗೆ ಅರ್ಥ ಆಗಬೇಕು.

ಶಿಫಾರಸು ಪತ್ರದಲ್ಲಿ ಇನ್ನೊಂದು ತೊಡಕಿದೆ. ನೀವು ಪ್ರೊಫೆಸರ್ ಹೆಸರು ಹಾಕಿದ ತಕ್ಷಣ ಕೆಲವು ಕೋರ್ಸುಗಳ ಪೋರ್ಟಲ್ ನೇರವಾಗಿ ಅವರಿಗೇ ಮೇಲ್ ಕಳಿಸುತ್ತದೆ, ಅದೂ ಕಾಲೇಜಿನ ಹೆಸರಿರುವ ಮೇಲ್ ವಿಳಾಸವೇ ಬೇಕು ಅನ್ನುತ್ತದೆ. ನಮ್ಮ ಎಷ್ಟೋ ಕಾಲೇಜುಗಳ ಮೇಷ್ಟ್ರುಗಳಿಗೆ ಇರುವುದು ಜಿಮೇಲ್ ಒಂದೇ. ಹಾಗಿದ್ದರೆ ಕೋರ್ಸಿನ ಸಂಯೋಜಕರಿಗೆ ಮುಂಚೆಯೇ ಒಂದು ಮೇಲ್ ಬರೆದು ಪರಿಸ್ಥಿತಿ ಹೇಳಿ, ಕಾಲೇಜಿನ ಲೆಟರ್‌ಹೆಡ್, ಸೀಲು, ಸಹಿ ಇರುವ ಪತ್ರ ನಡೆಯುತ್ತಾ ಅಂತ ಕೇಳಿ. ನನಗೆ ಅವರು ಎರಡೇ ದಿನದಲ್ಲಿ ಸಭ್ಯವಾಗಿ ಉತ್ತರ ಕೊಟ್ಟರು. ಇನ್ನು ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ ಅನ್ನುವ ಮೇಷ್ಟ್ರು ನಮ್ಮಲ್ಲಿ ಬಹಳ. ಅದಕ್ಕೆ ಒಪ್ಪಿಕೊಳ್ಳಬೇಡಿ. ನೀವು ಮಾಡಿದ ಪ್ರಾಜೆಕ್ಟ್, ತೆಗೆದ ಅಂಕ, ಹಾಕುತ್ತಿರುವ ಕೋರ್ಸು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಸಾರ್ ಇದನ್ನು ನೋಡಿಕೊಂಡು ನೀವೇ ನಾಲ್ಕು ಮಾತು ಬರೆಯಿರಿ ಅಂತ ವಿನಯವಾಗಿ ಕೇಳಿ. ಬಹಳ ಜನ ಬರೆದು ಕೊಡುತ್ತಾರೆ. ನಮ್ಮ ಮೇಷ್ಟ್ರು ಭಾನುವಾರ ಕೂತು ಬರೆದುಕೊಟ್ಟ ಪತ್ರವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಕೊನೆಯ ದಿನಾಂಕದ ಟೈಮನ್ನೂ ಸರಿಯಾಗಿ ನೋಡಿ. ಚಳಿಗಾಲದಲ್ಲಿ ಮಧ್ಯ ಯುರೋಪಿನ ರಾತ್ರಿ 11:59 ಅಂದರೆ ನಮಗೆ ಬೆಳಗಿನ ಜಾವ 4:29. ಅಷ್ಟು ಹೊತ್ತಿನವರೆಗೆ ಇಟ್ಟುಕೊಳ್ಳಲೇಬೇಡಿ, ಕೊನೆಯ ದಿನ ಪೋರ್ಟಲ್ ನಿಧಾನ ಆಗುತ್ತದೆ.

ಕನ್ಸಲ್ಟೆನ್ಸಿ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಬೆಂಗಳೂರಲ್ಲಿ ಒಂದು ಕಡೆ ವಿಚಾರಿಸಿದ್ದೆ. ಎರಾಸ್ಮಸ್ ಎಲ್ಲಾ ಆಗಲ್ಲ ಮೇಡಂ, ಲೋನ್ ಮಾಡಿಸಿಕೊಡ್ತೀವಿ, ಐರ್ಲೆಂಡಿಗೆ ಹೋಗಿ ಅಂದರು. ಇಂಥ ಎಷ್ಟೋ ಕಡೆ ತಾವು ಕಳಿಸುವ ಯೂನಿವರ್ಸಿಟಿಗಳಿಂದ ಕಮಿಷನ್ ಬರುತ್ತದೆ, ಸ್ಕಾಲರ್‌ಶಿಪ್ ಮೇಲೆ ಹೋಗುವವರಿಂದ ಏನೂ ಬರುವುದಿಲ್ಲ. ಇಲ್ಲಿ ಎಲ್ಲ ಮಾಹಿತಿಯೂ ಉಚಿತವಾಗಿ ಸಿಗುತ್ತದೆ, ಹಳೆಯ ವಿದ್ಯಾರ್ಥಿಗಳು ಕೇಳಿದರೆ ಖಂಡಿತ ಹೇಳುತ್ತಾರೆ.

ಫಲಿತಾಂಶ ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುತ್ತದೆ. ಮೇಲ್ ಬಂದಾಗ ಖುಷಿಯಲ್ಲಿ ಅರ್ಧಕ್ಕೇ ನಿಲ್ಲಿಸದೆ ಪೂರ್ತಿ ಓದಿ. ಸ್ಕಾಲರ್‌ಶಿಪ್ ಜೊತೆ ಸೀಟು, ಕಾಯುವ ಪಟ್ಟಿ, ಸ್ಕಾಲರ್‌ಶಿಪ್ ಇಲ್ಲದ ಸೀಟು, ಇವು ಮೂರೂ ಅಭಿನಂದನೆ ಅಂತಲೇ ಶುರುವಾಗಬಹುದು. ಮೂರನೆಯದಕ್ಕೆ ಹೂಂ ಅಂದರೆ ಫೀಸೂ ನಿಮ್ಮದೇ, ಖರ್ಚೂ ನಿಮ್ಮದೇ. ಕಾಯುವ ಪಟ್ಟಿಯಲ್ಲಿದ್ದರೆ ಆಸೆ ಬಿಡಬೇಡಿ. ಎರಡು ಮೂರು ಕಡೆ ಆಯ್ಕೆಯಾದವರು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ, ಪಟ್ಟಿ ಮುಂದೆ ಸಾಗುತ್ತದೆ. ಆದರೆ ನಮ್ಮ ದೇಶದವರ 10 ಶೇಕಡಾ ತುಂಬಿದ್ದರೆ ನಿಮಗಿಂತ ಹಿಂದಿರುವ ಬೇರೆ ದೇಶದವರಿಗೆ ಮೊದಲು ಸಿಗಬಹುದು, ಅದು ಅನ್ಯಾಯ ಅಂತ ನನಗನಿಸಿಲ್ಲ. ಒಂದೇ ತರಗತಿಯಲ್ಲಿ ಇಥಿಯೋಪಿಯ, ಬ್ರೆಜಿಲ್, ನೇಪಾಳದವರ ಜೊತೆ ಕೂತು ಓದಿದ್ದು ಆ ನಿಯಮದಿಂದಲೇ.

ಇನ್ನು ಆ ಕಳೆದ ಒಂದು ಅಂಕ. ಪೂರ್ತಿ ಖರ್ಚು ಕೊಡುತ್ತೇವೆ ಅನ್ನುತ್ತಾರೆ, ಕೊಡುತ್ತಾರೆ ಕೂಡ, ಆದರೆ ದುಡ್ಡು ಬರುವುದು ನೀವು ಅಲ್ಲಿ ಕಾಲಿಟ್ಟ ಮೇಲೆ. ಯೂನಿವರ್ಸಿಟಿಯಲ್ಲಿ ಹೆಸರು ಹಚ್ಚಿ, ಅಲ್ಲಿನ ಬ್ಯಾಂಕ್ ಖಾತೆ ತೆರೆದು, ಮೊದಲ ಕಂತು ಬರುವ ಹೊತ್ತಿಗೆ ಎಷ್ಟೋ ಸಲ ತಿಂಗಳೇ ಕಳೆದಿರುತ್ತದೆ. ಅಷ್ಟರೊಳಗೆ ವೀಸಾ ಫೀಸು, ವಿಮಾನದ ಟಿಕೆಟ್, ಮನೆಯ ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ, ಚಳಿಯ ಬಟ್ಟೆ, ಎಲ್ಲಾ ಸೇರಿ ಒಂದೂವರೆ ಎರಡು ಲಕ್ಷ ಕೈಯಲ್ಲಿರಬೇಕು. ಮೊದಲು ಪ್ರಯಾಣಕ್ಕೆ, ಹೋಗಿ ನೆಲೆಯಾಗುವುದಕ್ಕೆ ಅಂತ ಬೇರೆಯಾಗಿ ದುಡ್ಡು ಇತ್ತು. 2021ರಿಂದ ಬಂದ ಹೊಸ ವ್ಯವಸ್ಥೆಯಲ್ಲಿ ಎಲ್ಲವೂ ಆ 1,400ರಲ್ಲೇ ಸೇರಿದೆ. ಜೊತೆಗೆ ದೇಶ ಬದಲಾದಂತೆ ವಾಸದ ಪರವಾನಗಿ ಮತ್ತೆ, ಮನೆ ಹುಡುಕಾಟ ಮತ್ತೆ, ಅಡ್ವಾನ್ಸು ಮತ್ತೆ. ನಮ್ಮ ಮನೆಯಲ್ಲಿ ಅಮ್ಮನ ಬಳೆ ಅಡ ಇಟ್ಟು ಈ ದುಡ್ಡು ಹೊಂದಿಸಿದೆವು. ಸ್ಕಾಲರ್‌ಶಿಪ್ ಕಂತು ಬಂದ ಮೇಲೆ ಬಿಡಿಸಿಕೊಂಡೆವು, ನಿಜ. ಆದರೆ ಅಡ ಇಡಲು ಬಳೆಯೂ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಇಷ್ಟು ದೊಡ್ಡ ಮೊತ್ತ ಕೊಡುವವರಿಗೆ ಮೊದಲ ಕಂತನ್ನು ಹೊರಡುವ ಮುಂಚೆ ಕೊಡುವುದು ಕಷ್ಟವೇನಲ್ಲ. ನಮ್ಮ ರಾಜ್ಯ ಸರ್ಕಾರವಾದರೂ ಇಂಥವರಿಗೆ ಎರಡು ಲಕ್ಷದ ಬಡ್ಡಿಯಿಲ್ಲದ ಕೈಸಾಲ ಕೊಟ್ಟರೆ ಎಷ್ಟೋ ಮನೆಗಳಿಗೆ ಅನುಕೂಲ ಆಗುತ್ತದೆ.

ಆಯ್ಕೆಯ ಪತ್ರ ಬಂದ ದಿನವೇ ಸಂಯೋಜಕರಿಗೆ ಮೇಲ್ ಬರೆದು ಎರಡು ವಿಷಯ ಕೇಳಿಕೊಳ್ಳಿ. ಮೊದಲ ಕಂತು ಯಾವ ತಾರೀಖಿನ ಸುಮಾರಿಗೆ ಬರುತ್ತದೆ, ಮತ್ತು ಹಾಸ್ಟೆಲ್ ಸಿಗುತ್ತದಾ. ವೀಸಾಗೆ ಸ್ಕಾಲರ್‌ಶಿಪ್ ಪತ್ರವನ್ನೇ ದುಡ್ಡಿನ ಪುರಾವೆಯಾಗಿ ತೋರಿಸಬಹುದು. ಅದರಲ್ಲಿ ತಿಂಗಳ ಮೊತ್ತ, ಅವಧಿ, ಫೀಸು ಮಾಫಿ, ಇನ್ಶೂರೆನ್ಸ್ ನಾಲ್ಕೂ ಸ್ಪಷ್ಟವಾಗಿ ಇದೆಯಾ ನೋಡಿ, ಇಲ್ಲದಿದ್ದರೆ ಹೊಸ ಪತ್ರ ಕೇಳಿ ತರಿಸಿಕೊಳ್ಳಿ. ವೀಸಾ ಸ್ಲಾಟುಗಳು ಜೂನ್, ಜುಲೈನಲ್ಲಿ ಬೇಗ ತುಂಬಿಹೋಗುತ್ತವೆ, ಹಾಗಾಗಿ ಪತ್ರ ಕೈಗೆ ಬಂದ ವಾರದಲ್ಲೇ ಬುಕ್ ಮಾಡಿ.