ಮುಖ ಕಾಣದ ಫೋಟೋಗಳ ಪುಸ್ತಕ: ಸಾಲ್ ಲೈಟರ್ ಅವರ ‘ಅರ್ಲಿ ಕಲರ್’

ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಮುಖ ಕಾಣದಿದ್ದರೆ ನಮ್ಮಲ್ಲಿ ಆ ಫೋಟೋ ಡಿಲೀಟ್. ಅಂಥವನು ಮುಖವೇ ನೆಟ್ಟಗೆ ಕಾಣದ ಈ ಪುಸ್ತಕಕ್ಕೆ ಒಂದು ನಾಮಕರಣದ ಆರ್ಡರಿನ ದುಡ್ಡು ಸುರಿದೆ. ಆನ್‌ಲೈನಿನವರು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಳಿಸಿ, ಒಂದು ಮೂಲೆ ಜಜ್ಜಿಹೋಗಿತ್ತು. ಆ ಹೊಟ್ಟೆಯುರಿ ಇನ್ನೂ ಇದೆ.

ಫೋಟೋಗ್ರಾಫರ್ ಸಾಲ್ ಲೈಟರ್ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಯಹೂದಿ ಧರ್ಮಶಾಸ್ತ್ರದ ಪಂಡಿತರಾಗಿದ್ದ ಅಪ್ಪನಿಗೆ ಮಗನೂ ಅದೇ ದಾರಿ ಹಿಡಿಯಲೆಂಬ ಆಸೆ. ಮಗ ಚಿತ್ರ ಬರೆಯುತ್ತೇನೆಂದು 1946ರಲ್ಲಿ ನ್ಯೂಯಾರ್ಕಿಗೆ ಹೊರಟರು. ಹೊಟ್ಟೆಪಾಡಿಗೆ ಫ್ಯಾಷನ್ ಫೋಟೋ, ಮನಸ್ಸಿಗೆ ಮನೆ ಸುತ್ತಲಿನ ಬೀದಿ. ಡೇಟ್ ಮುಗಿದ ಕಲರ್ ರೋಲನ್ನೂ ಬಿಡುತ್ತಿರಲಿಲ್ಲ. ನಾವಾಗಿದ್ದರೆ ಅಂಥ ರೋಲ್ ಕೊಟ್ಟ ಅಂಗಡಿಯವನ ಜೊತೆ ಜಗಳಕ್ಕೆ ಬೀಳುತ್ತಿದ್ದೆವು. ಆ ರೋಲುಗಳ ಸ್ಲೈಡುಗಳು, ಅಂದರೆ ಬೆಳಕಿಗೆ ಹಿಡಿದು ನೋಡುವ ಫಿಲ್ಮಿನ ತುಂಡುಗಳು, ದಶಕಗಟ್ಟಲೆ ಡಬ್ಬಿಯಲ್ಲೇ ಇದ್ದವು. 2006ರಲ್ಲಿ ಜರ್ಮನಿಯ ಸ್ಟೈಡ್ಲ್ ಪ್ರಕಾಶನ ಪುಸ್ತಕ ಮಾಡಿದಾಗ ಅವರಿಗೆ 80 ದಾಟಿತ್ತು.

‘ಕ್ಯಾನಪಿ’ ಅಂತ ಒಂದು ಫೋಟೋ, 1958ರದ್ದು. ಫ್ರೇಮಿನ ಬಹುಪಾಲು ಬರೀ ಕಪ್ಪು. ಬಾಗಿಲಿನ ಮುಂದೆ ಇಳಿಬಿಟ್ಟ ಮೇಲ್ಕಟ್ಟಿನ ಕೆಳಗೆ ಉಳಿದಷ್ಟು ಜಾಗದಲ್ಲಿ ಹಿಮ, ನಡೆಯುವ ಜನ. ನನ್ನ ಅಸಿಸ್ಟೆಂಟ್ ಹುಡುಗ ನೋಡಿ, “ಅಣ್ಣ, ಲೆನ್ಸಿಗೆ ಏನೋ ಅಡ್ಡ ಬಂದೈತೆ” ಅಂದ. ನಿಜವೇ. ಅಡ್ಡ ಬಂದದ್ದನ್ನು ಅವರು ಸರಿಸಲಿಲ್ಲ, ಅಷ್ಟೇ. 1957ರ ‘ಟ್ಯಾಕ್ಸಿ’ಯಲ್ಲಿ ಕಾರಿನೊಳಗೆ ಆಸರೆಯ ಪಟ್ಟಿ ಹಿಡಿದ ಒಂದು ಕೈ, ಕೋಟಿನ ತೋಳು. ಆಸಾಮಿ ಯಾರೋ, ಎಲ್ಲಿಗೆ ಹೊರಟನೋ. ಆ ಬೆರಳುಗಳನ್ನು ನೋಡುತ್ತಾ ನನ್ನ ಕಾಫಿ ಆರಿಹೋಯಿತು.

ತಕರಾರೂ ಇದೆ. ಪುಸ್ತಕ ಅಳತೆಯಲ್ಲಿ ಚಿಕ್ಕದು, ಕೆಲವು ಚಿತ್ರಗಳಿಗೆ ಇದು ಸಾಲದು. ಅಪರ್ಚರ್, ಶಟರ್ ಸ್ಪೀಡ್ ಅಂತ ಕ್ಯಾಮೆರಾ ಸೆಟ್ಟಿಂಗ್ ಕಲಿಯೋಣ ಅಂತ ಕೊಂಡರೆ ದುಡ್ಡು ದಂಡ.

ಹೋದ ಕಾರ್ತೀಕದ ಒಂದು ಮದುವೆಯಲ್ಲಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಅಪ್ಪ ಚಪ್ಪರದ ಕಂಬ ಹಿಡಿದು ನಿಂತಿದ್ದರು. ಕಂಬ, ಕೈ, ಬಿಚ್ಚಿಕೊಂಡ ಶರ್ಟಿನ ಗುಂಡಿ, ಅಷ್ಟನ್ನೇ ತೆಗೆದು ಕರಿಷ್ಮಾ ಆಲ್ಬಮ್ಮಿನಲ್ಲಿ (ಪುಟದ ಮೇಲೇ ಫೋಟೋ ಪ್ರಿಂಟ್ ಆಗುವ ಮದುವೆ ಆಲ್ಬಮ್) ಪೂರ್ತಿ ಒಂದು ಪುಟಕ್ಕೆ ಹಾಕಿದೆ. ಹುಡುಗಿಯ ಸೋದರಮಾವ, “ಏನ್ರೀ ಇದು, ಒಂದು ಪುಟ ವೇಸ್ಟ್ ಮಾಡಿದೀರಲ್ಲ” ಅಂದರು. ಆ ಪುಟದ ದುಡ್ಡು ಬಿಲ್ಲಿನಲ್ಲಿ ಕಳೆದುಕೊಟ್ಟೆ. ಪುಟ ತೆಗೆಯಲಿಲ್ಲ.