ಗೋಡೆ ಮೇಲೆ 'ಗೌರವ', ಬಡ್ತಿ ಸಿಕ್ಕಿದ್ದು ಬೈಯುವವನಿಗೆ: ಒಂದು ಲೀಡರ್‌ಶಿಪ್ ವರ್ಕ್‌ಶಾಪ್ ಬಗ್ಗೆ

ಐದಕ್ಕೆ ಮೂರು ಸ್ಟಾರ್. ಮೊದಲ ದಿನಕ್ಕೆ ಮಾತ್ರ ಕೊಡಿ ಅಂದಿದ್ದರೆ ಕಣ್ಣು ಮುಚ್ಚಿ ಐದು ಕೊಡುತ್ತಿದ್ದೆ. ಆಮೇಲಿನ ಆರು ತಿಂಗಳೂ ಸೇರಿದ್ದಕ್ಕೆ ಮೂರಕ್ಕೆ ಇಳಿಯಿತು.

ಹೆಸರು ಹಾಕುತ್ತಿಲ್ಲ. ಈ ಕೆಲಸ ಮಾಡುವವರು ಹೆಚ್ಚುಕಮ್ಮಿ ಎಲ್ಲರೂ ಇದೇ ಪ್ಯಾಕೇಜ್ ಮಾರುತ್ತಾರೆ ಅಂತ ಕೇಳಿದ್ದೇನೆ: ಎರಡು ದಿನದ ವರ್ಕ್‌ಶಾಪ್, ಒಂದು ಸರ್ವೆ, ಒಂದು ಆ್ಯಪ್, ಆರು ತಿಂಗಳು ಫಾಲೋಅಪ್ ಕಾಲ್. ಕಂಪನಿ ಹೇಳಿಕೊಳ್ಳುವ ಮೌಲ್ಯಗಳಿಗೂ ಮೇಲಿನವರು ತೆಗೆದುಕೊಳ್ಳುವ ತೀರ್ಮಾನಗಳಿಗೂ ತಾಳೆ ಆಗಬೇಕು, ಇದು ಅವರ ಭರವಸೆ. ನಮ್ಮಲ್ಲಿ ಹನ್ನೆರಡು ಜನ ಮ್ಯಾನೇಜರ್‌ಗಳು ಕೂತಿದ್ದೆವು, ಜೊತೆಗೆ ನಮ್ಮ ಬಾಸ್. ನಿಜ ಹೇಳಬೇಕೆಂದರೆ ನಾನು ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋಗಿದ್ದೆ, ಬಾಕಿ ಮೇಲ್ ಮುಗಿಸಿಕೊಳ್ಳೋಣ ಅಂತ.

ನಡೆಸಿಕೊಟ್ಟವರು ಬಂದವರೇ ಬೋರ್ಡ್ ಮೇಲೆ ನಾಲ್ಕು ಪದ ಬರೆದರು. ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. ಯಾವ ಕಂಪನಿ ಹೇಳಿ ಅಂದರು. ಯಾರೋ ನಮ್ಮದೇ ಇರಬೇಕು ಅಂದರು, ನಗು. ಅದು ಅಮೆರಿಕದ ಇಂಧನ ಕಂಪನಿ ಎನ್ರಾನ್. 2001ರ ಡಿಸೆಂಬರ್‌ನಲ್ಲಿ ದಿವಾಳಿ ಎದ್ದ, ಲೆಕ್ಕ ತಿದ್ದಿದ್ದಕ್ಕೆ ಹೆಸರಾದ ಅದೇ ಎನ್ರಾನ್. ಹಳೇ ಉದಾಹರಣೆ, ಇಂಥ ತರಬೇತಿಗೆ ಹೋದವರು ಬಹಳ ಜನ ಕೇಳಿರುತ್ತಾರೆ. ನಾನು ಲ್ಯಾಪ್‌ಟಾಪ್ ತೆರೆದೆ.

ಆದರೆ ಮುಂದಿನದು ಹಳೆಯದಾಗಿರಲಿಲ್ಲ. ನಮ್ಮನ್ನು ಎರಡು ಗುಂಪು ಮಾಡಿ, ಕಳೆದ ಒಂದು ವರ್ಷದಲ್ಲಿ ಮೇಲಿನವರು ತೆಗೆದುಕೊಂಡ ಹತ್ತು ಕಷ್ಟದ ತೀರ್ಮಾನ ಬರೆಯಿರಿ ಅಂದರು. ಯಾರಿಗೆ ಬಡ್ತಿ, ಯಾರನ್ನು ಕಳಿಸಿದ್ದು, ದುಡ್ಡು ಬಿಗಿಯಾದಾಗ ಮೊದಲು ಯಾವುದಕ್ಕೆ ಕತ್ತರಿ, ಯಾವ ಗ್ರಾಹಕರಿಗೆ ಆಗಲ್ಲ ಅಂದಿದ್ದು, ಇಷ್ಟೇ. ಕಾರಣ ಬರೆಯುವ ಹಾಗಿಲ್ಲ, ಮೌಲ್ಯಗಳ ಹೆಸರೂ ಎತ್ತುವ ಹಾಗಿಲ್ಲ. ಆಮೇಲೆ ಪಟ್ಟಿಗಳನ್ನು ಅದಲುಬದಲು ಮಾಡಿ ಕೇಳಿದರು: 'ಈ ಕಂಪನಿ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಅಂದುಕೊಳ್ಳಿ. ಈ ಪಟ್ಟಿ ಒಂದನ್ನೇ ಓದಿ, ಇವರಿಗೆ ಯಾವುದು ಮುಖ್ಯ ಹೇಳಿ.'

ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಉತ್ತರ ಬರೆದಿದ್ದವು. ಬೇಗ ಮುಗಿಸೋದು. ಮಾರಾಟದ ನಂಬರ್. ಬಾಸ್‌ಗೆ ಬೇಜಾರಾಗದ ಹಾಗೆ ನೋಡಿಕೊಳ್ಳೋದು. ಗೋಡೆ ಮೇಲೆ ನಾವು ಫ್ರೇಮ್ ಹಾಕಿ ತೂಗುಹಾಕಿರುವ ಐದು ಪದಗಳಲ್ಲಿ ಒಂದೂ ಇರಲಿಲ್ಲ.

ಪಟ್ಟಿಯಲ್ಲಿ ಆರನೆಯದು ಒಬ್ಬ ಸೇಲ್ಸ್ ಮ್ಯಾನೇಜರ್‌ಗೆ ಕೊಟ್ಟ ಬಡ್ತಿ. ಎಲ್ಲರೆದುರೇ ಕೂಗಾಡುವ ಮನುಷ್ಯ, ಅವನ ಕಾಟಕ್ಕೆ ಇಬ್ಬರು ಕೆಲಸ ಬಿಟ್ಟಿದ್ದಾರೆ, ಅದು ಎಲ್ಲರಿಗೂ ಗೊತ್ತು. ಬಾಸ್ ಪೆನ್ ಕ್ಯಾಪ್ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಕೊನೆಗೆ, 'ಸರಿ, ಆದ್ರೆ ಅವನ ನಂಬರ್ ನೋಡಿ' ಅಂದರು. ನಡೆಸಿಕೊಟ್ಟವರು ವಾದಕ್ಕೆ ಇಳಿಯಲಿಲ್ಲ. ಆ ಮಾತನ್ನೇ ಹಾಗೇ ಬೋರ್ಡ್ ಮೇಲೆ ಬರೆದರು, 'ಗೌರವ' ಅನ್ನೋದರ ಪಕ್ಕದಲ್ಲಿ. ಸಂಜೆವರೆಗೂ ಅಳಿಸಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದ್ದು ಆವಾಗ.

ಮಧ್ಯಾಹ್ನ ಬೇರೆ ಕಂಪನಿಗಳ ಕಥೆ. ಅಮೆರಿಕದ ಔಷಧಿ ಅಂಗಡಿಗಳ ದೊಡ್ಡ ಜಾಲ ಸಿವಿಎಸ್, 2014ರಲ್ಲಿ ಸಿಗರೇಟ್ ಮಾರೋದನ್ನೇ ನಿಲ್ಲಿಸಿತು. ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವ್ಯಾಪಾರ ಕೈಬಿಡುತ್ತದೆ ಅಂತ ಗೊತ್ತಿದ್ದೇ ಮಾಡಿದ್ದು. ಆರೋಗ್ಯ ಅಂತ ಬೋರ್ಡ್ ಹಾಕಿಕೊಂಡು ಒಳಗೆ ಸಿಗರೇಟ್ ಮಾರಿದರೆ ಹೊಂದಲ್ಲ ಅಲ್ವಾ? ಆಮೇಲೆ ಜಾನ್ಸನ್ ಅಂಡ್ ಜಾನ್ಸನ್. 1943ರಲ್ಲೇ ತಮ್ಮ ಧ್ಯೇಯಪತ್ರ ಬರೆದಿಟ್ಟುಕೊಂಡ ಕಂಪನಿ, 1982ರಲ್ಲಿ ಯಾರೋ ಅವರ ಟೈಲೆನಾಲ್ ಅನ್ನೋ ನೋವಿನ ಮಾತ್ರೆಗೆ ಸೈನೈಡ್ ಬೆರೆಸಿ ಏಳು ಜನ ಸತ್ತಾಗ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಅಲ್ಲಿಗೆ ಕಥೆ ಮುಗಿಸಿಬಿಟ್ಟರು. ನನಗೆ ಸುಮ್ಮನಿರಲು ಆಗಲಿಲ್ಲ. ಆಮೇಲೆ ಬೇಬಿ ಪೌಡರ್ ವಿಚಾರಕ್ಕೆ ಅದೇ ಕಂಪನಿ ಮೇಲೆ ಸಾವಿರಾರು ಕೇಸ್ ಬಿದ್ದವಲ್ಲ, ಧ್ಯೇಯಪತ್ರ ಆಗಲೂ ಅದೇ ಇತ್ತಲ್ಲ ಅಂತ ಕೇಳಿದೆ. 'ಹೌದು, ಅದನ್ನೂ ಸ್ಲೈಡ್‌ಗೆ ಸೇರಿಸಬೇಕು' ಅಂದರು. ಸಮಜಾಯಿಷಿ ಕೊಡಲಿಲ್ಲ, ಅದು ಇಷ್ಟವಾಯಿತು.

ಎಲ್ಲಕ್ಕಿಂತ ನಾಟಿದ್ದು ವೆಲ್ಸ್ ಫಾರ್ಗೋ ಬ್ಯಾಂಕ್ ಕಥೆ. ಗ್ರಾಹಕರ ಹಿತವೇ ಮೊದಲು ಅಂತ ಪುಸ್ತಕದಲ್ಲಿ ಬರೆದಿತ್ತು, ಆದರೆ ಒಬ್ಬೊಬ್ಬ ಗ್ರಾಹಕರಿಗೆ ಎಂಟು ಪ್ರಾಡಕ್ಟ್ ಮಾರಬೇಕು ಅನ್ನೋ ಗುರಿ ತಲೆ ಮೇಲೆ ಕೂತಿತ್ತು. ಸಿಬ್ಬಂದಿ ಪುಸ್ತಕ ನೋಡಲಿಲ್ಲ, ಟಾರ್ಗೆಟ್ ನೋಡಿದರು. ಗ್ರಾಹಕರನ್ನು ಕೇಳದೆಯೇ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟರಲ್ಲಿ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು.

ಇದನ್ನು ಕೇಳಿ ನಮಗೆಲ್ಲ ಹುರುಪು ಬಂದಿತ್ತು. ನಾಳೆ ನಮ್ಮ ಬೋನಸ್ ಲೆಕ್ಕವನ್ನೇ ಟೇಬಲ್ ಮೇಲೆ ಹರಡಿಕೊಂಡು ನೋಡೋಣ, ಆ ಸೇಲ್ಸ್ ಮ್ಯಾನೇಜರ್‌ನಂಥವರು ಹೇಗೆ ಮೇಲೆ ಬರುತ್ತಾರೆ ಅಂತ ಗೊತ್ತಾಗಲಿ ಅಂದುಕೊಂಡೆವು. ಎರಡನೇ ದಿನ ಬೆಳಗ್ಗೆ ಕೇಳಿಯೂ ಕೇಳಿದೆವು. 'ಅದು ಈ ಪ್ಯಾಕೇಜ್‌ನಲ್ಲಿ ಬರಲ್ಲ' ಅಂದರು.

ಬಂದಿದ್ದು ಬಣ್ಣದ ಪೆನ್ನು, ಚಾರ್ಟ್ ಪೇಪರ್. ಇಡೀ ದಿನ ಪೋಸ್ಟರ್ ಮಾಡಿದೆವು. ನನ್ನ ಗುಂಪಿಗೆ 'ಪಾರದರ್ಶಕತೆ' ಸಿಕ್ಕಿತ್ತು, ಒಂದು ಕಿಟಕಿ ಬಿಡಿಸಿದೆವು.

ಸರ್ವೆಯಲ್ಲಿ ಹೆಸರು ಕೇಳಲಿಲ್ಲ, ನಿಜ. ಆದರೆ ವಿಭಾಗ, ಎಷ್ಟು ವರ್ಷದ ಸರ್ವಿಸ್, ಗಂಡೋ ಹೆಣ್ಣೋ ಅಂತೆಲ್ಲ ಕೇಳಿದರು. ನಾಲ್ಕು ಜನರ ತಂಡದಲ್ಲಿ ಇಷ್ಟು ಸಾಲದೇ, ಯಾರು ಬರೆದದ್ದು ಅಂತ ಗೊತ್ತಾಗೋಕೆ? ಎಲ್ಲರೂ ಜಾಣರಾಗಿ ಎಲ್ಲದಕ್ಕೂ 'ಒಪ್ಪುತ್ತೇನೆ' ಒತ್ತಿದರು. ಆ್ಯಪ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಬೆಳಗ್ಗೆ 9ಕ್ಕೆ ಸರಿಯಾಗಿ 'ಇವತ್ತು ಯಾವ ಮೌಲ್ಯ ಪಾಲಿಸುತ್ತೀರಿ?' ಅಂತ ಕೇಳುತ್ತಿತ್ತು, ಎರಡನೇ ವಾರಕ್ಕೆ ಎಲ್ಲರೂ ಮ್ಯೂಟ್ ಮಾಡಿದರು. ಫಾಲೋಅಪ್ ಕಾಲ್ ಆರು ಅಂದಿದ್ದರು, ಆಗಿದ್ದು ನಾಲ್ಕು. ಕೊನೆಯ ಎರಡಕ್ಕೆ ಹೊಸಬರೊಬ್ಬರನ್ನು ಕೂರಿಸಿದ್ದರು. ಪಾಪ, ವರ್ಕ್‌ಶಾಪ್‌ನಲ್ಲಿ ಏನು ಮಾಡಿದಿರಿ ಅಂತ ಅವರು ನಮ್ಮನ್ನೇ ಕೇಳಿದರು.

ನೀವು ಕರೆಸುವುದಾದರೆ ಮೊದಲ ದಿನದ್ದಷ್ಟೇ ಕೇಳಿ, ಆ್ಯಪ್ ಬೇಡ ಅಂತ ಮೊದಲೇ ಹೇಳಿಬಿಡಿ. ಬೋನಸ್, ಬಡ್ತಿ ಲೆಕ್ಕವನ್ನೂ ನೋಡುತ್ತೀರಾ ಅಂತ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಇನ್ನೊಂದು, ಬಾಸ್ ಪೂರ್ತಿ ದಿನ ಕೂರುವುದಿಲ್ಲ ಅಂದರೆ ಕರೆಸಲೇಬೇಡಿ. ನಮ್ಮವರು ಕೂತಿದ್ದರು ಅನ್ನೋ ಕಾರಣಕ್ಕೇ ಅಷ್ಟಾದರೂ ಆಯಿತು.

ಅವರು ಬಿಟ್ಟುಹೋದದ್ದರಲ್ಲಿ ನಾವು ಈಗಲೂ ಬಳಸುತ್ತಿರುವುದು ಒಂದೇ ಒಂದು ಹಾಳೆ. ಅದರಲ್ಲಿ ಮೂರು ಸಾಲು. ತೀರ್ಮಾನ ಏನು, ಯಾವ ಮೌಲ್ಯಕ್ಕೆ ಅದು ಸರಿಹೊಂದುತ್ತದೆ, ಯಾವ ಮೌಲ್ಯವನ್ನು ಬಿಟ್ಟುಕೊಡುತ್ತಿದ್ದೇವೆ ಮತ್ತು ಅದರ ಪೆಟ್ಟು ಯಾರಿಗೆ. ಎರಡನೇ ಸಾಲನ್ನು ಯಾರು ಬೇಕಾದರೂ ತುಂಬಬಹುದು. ಎಂಥ ತೀರ್ಮಾನಕ್ಕೂ ಒಂದು ಒಳ್ಳೆಯ ಹೆಸರು ಸಿಕ್ಕೇ ಸಿಗುತ್ತದೆ. ಕೈ ನಿಲ್ಲುವುದು ಮೂರನೆಯದರಲ್ಲಿ. ಒಂದು ಸಲ ಗ್ರಾಹಕರಿಗೆ ಕೊಟ್ಟ ತಾರೀಖಿಗೆ ಕೆಲಸ ಮುಗಿಯಲ್ಲ, ಮೂರು ವಾರ ತಡವಾಗುತ್ತದೆ ಅಂತ ನಮಗೆ ಮೊದಲೇ ಗೊತ್ತಿತ್ತು. ಸುಮ್ನೆ ಇದ್ದುಬಿಡೋಣ ಅನ್ನೋದು ತೀರ್ಮಾನ. ಮೂರನೇ ಸಾಲಿನಲ್ಲಿ ನಾನು 'ಪ್ರಾಮಾಣಿಕತೆ' ಅಂತ ಬರೆದು ಕೊಟ್ಟೆ. ಬಾಸ್ ಓದಿದರು, ಮುಖ ಗಂಟು ಹಾಕಿಕೊಂಡರು, ಆಮೇಲೆ ತಾವೇ ಫೋನ್ ಮಾಡಿ ವಿಷಯ ಹೇಳಿದರು. ಅರ್ಧ ಆರ್ಡರ್ ಕೈತಪ್ಪಿತು.

ಸೇಲ್ಸ್ ಮ್ಯಾನೇಜರ್ ಈಗಲೂ ಅದೇ ಕುರ್ಚಿಯಲ್ಲಿದ್ದಾನೆ. ಈ ಸಲದ ಅವನ ಅಪ್ರೈಸಲ್ ಫಾರ್ಮ್‌ನಲ್ಲಿ ಮಾತ್ರ ನಂಬರ್‌ಗಳ ಕೆಳಗೆ 'ತಂಡದ ಜೊತೆ ನಡವಳಿಕೆ' ಅಂತ ಒಂದು ಸಾಲು ಜಾಸ್ತಿ ಇದೆ, ಬಾಸ್ ಕೈಬರಹದಲ್ಲೇ. ಎದುರಿನ ಮಾರ್ಕ್ಸ್ ಜಾಗ ಇನ್ನೂ ಖಾಲಿ.